ಸಬ್ಬಸಿಗೆ ಬಣ್ಣದ ಕಾರು

ಇವತ್ತು ಬೆಳಿಗ್ಗೆ ಹಾಲು ತರಲು ಹೊರಟವನನ್ನು ತಲಘಟ್ಟಪುರದ ನಮ್ಮ ಅಪಾರ್ಟ್‌ಮೆಂಟಿನ ಗೇಟಿನ ಹತ್ತಿರ ನಾಲ್ಕನೇ ಮಹಡಿಯ ಹುಡುಗಿ ಅಡ್ಡ ಹಾಕಿದಳು. ಹುಬ್ಬಳ್ಳಿ ಕಡೆಯವಳು, ಯಾವುದೋ ಆಸ್ಪತ್ರೆಯಲ್ಲಿ ನರ್ಸು. ಮೊನ್ನೆ ಮೊನ್ನೆ ಒಂದು ಹಳೆಯ ಸೆಕೆಂಡ್ ಹ್ಯಾಂಡ್ ಕಾರು ಕೊಂಡಿದ್ದಾಳೆ. "ಅಂಕಲ್, ಬ್ಯಾಟರಿ ಡೌನ್ ಆಗೇತ್ರಿ. ಡ್ಯೂಟಿಗೆ ಲೇಟ್ ಆಗಾಕತ್ತೇತಿ. ಒಂಚೂರು ದಬ್ಬತೀರೇನ್ರಿ?" ಎಂದಳು. ಸೊಂಟ ನೋವು ಎಂದು ಹೇಳಬಹುದಿತ್ತು. ಆದರೆ ಎಷ್ಟೇ ವಯಸ್ಸಾದರೂ ಹೆಣ್ಣುಮಗಳೊಬ್ಬಳ ಎದುರು ಸೊಂಟದ ಪ್ರಸ್ತಾಪ ಮಾಡಲು ಗಂಡಸರಿಗೆ ಬಾಯಿ ಬರುವುದಿಲ್ಲ ನೋಡಿ. ಹಾಲಿನ ಚೀಲವನ್ನು ಕಾಂಪೌಂಡಿನ ಮೇಲಿಟ್ಟು ತಳ್ಳಿದೆ. ಹತ್ತು ಹೆಜ್ಜೆಗೆ ಕಾರು ಗುಟುರು ಹಾಕಿತು. ಗಪ್ಪೆಂದು ಪೆಟ್ರೋಲ್ ವಾಸನೆ ಮುಖಕ್ಕೆ ಬಡಿಯಿತು. ಕಿಟಕಿಯಿಂದ ಒಂದು ಕೈ ಹೊರಬಂತು, ಹಿಂದಿರುಗಿ ನೋಡದೆ ಟಾಟಾ ಮಾಡಿತು, ಕನಕಪುರ ರಸ್ತೆಗೆ ತಿರುಗಿ ಮಾಯವಾಯಿತು.

ಆ ವಾಸನೆ, ಆ ಟಾಟಾ. ಧೂಳಾದ ಎರಡು ಅಂಗೈ ನೋಡಿಕೊಳ್ಳುತ್ತ ನಿಂತವನಿಗೆ ಮುನಿಯಪ್ಪನವರು ನೆನಪಾದರು.

ಮುನಿಯಪ್ಪನವರು ಅಂದರೆ ನಮ್ಮ ಹಿಂದಿನ ಮನೆಯ ಓನರು. ತೊಂಬತ್ತರ ದಶಕದ ಕೊನೆಯಲ್ಲಿ ನಾವು ಜೆ.ಪಿ. ನಗರದಲ್ಲಿ ಅವರ ಮನೆಯ ಎರಡನೇ ಮಹಡಿಯಲ್ಲಿ ಬಾಡಿಗೆಗಿದ್ದೆವು. ಅವರು ಮೂಲತಃ ಸಾರಕ್ಕಿಯವರು. ತಂದೆಯ ಕಾಲದಲ್ಲಿ ಸೊಪ್ಪು ಬೆಳೆಯುತ್ತಿದ್ದ ಹೊಲ ಸೈಟಾಗಿ, ಸೈಟು ಮನೆಯಾಗಿ, ಮನೆ ಮಹಡಿಯ ಮೇಲೆ ಮಹಡಿಯಾಗಿ ಬೆಳೆದಿತ್ತು. ಪ್ಲಾನಿನಲ್ಲಿ ಎರಡು ಮಹಡಿ ಇದ್ದದ್ದು ನಾನು ಹೋಗುವ ಹೊತ್ತಿಗೆ ನಾಲ್ಕಾಗಿತ್ತು. ನಮ್ಮ ಬಾಲ್ಕನಿ ಅರ್ಧ ರಸ್ತೆಯ ಮೇಲಿತ್ತು. ನಮ್ಮ ದೇವರ ಕೋಣೆ ಮೊದಲು ಬಚ್ಚಲಾಗಿತ್ತು ಎಂಬುದು ಆರು ತಿಂಗಳ ಮೇಲೆ ಗೊತ್ತಾಗಿ, ನನ್ನ ಹೆಂಡತಿ ಒಂದು ವಾರ ದೇವರ ಮುಖ ನೋಡಲು ನಾಚಿಕೊಂಡಳು. ಇಂಥ ಮನೆ ಕಟ್ಟಿದ ಮನುಷ್ಯ ಒಂದು ಕಾರಿನ ವಿಷಯದಲ್ಲಿ ಮಾತ್ರ, ಅದರ ಒಂದು ಸ್ಕ್ರೂ ಕೂಡ ಫ್ಯಾಕ್ಟರಿಯಿಂದ ಬಂದ ಹಾಗೇ ಇರಬೇಕು ಎಂದು ಹಟ ಹಿಡಿದರು.

ಕಾರು ಇಂಗ್ಲೆಂಡಿನದು. ಎರಡೇ ಸೀಟಿನ, ಮೇಲೆ ಬಟ್ಟೆಯ ಹೊದಿಕೆಯ, ನೆಲಕ್ಕೆ ಕಚ್ಚಿಕೊಂಡಂತೆ ಓಡುವ ಸ್ಪೋರ್ಟ್ಸ್ ಕಾರು. ಹೆಸರು ಹೇಳುವುದಿಲ್ಲ. ಅಂಥ ಕಾರು ಇಟ್ಟುಕೊಂಡವರದ್ದೊಂದು ಸಂಘವಿರುತ್ತದೆ, ಅವರು ನನ್ನ ಬರಹದಲ್ಲಿ ತಪ್ಪು ಹುಡುಕಿ ಪತ್ರ ಬರೆಯುತ್ತಾರೆ. ಒಂದು ದಿನ ಅದು ಟ್ರ್ಯಾಕ್ಟರಿನ ಟ್ರೈಲರ್ ಮೇಲೆ ಕುಳಿತು ನಮ್ಮ ಮನೆಗೆ ಬಂತು. ಚಕ್ರಗಳಲ್ಲಿ ಗಾಳಿಯಿಲ್ಲ, ಒಂದು ಬಾಗಿಲಿಲ್ಲ, ಸೀಟಿನೊಳಗೆ ಇಲಿಗಳ ಮೂರು ತಲೆಮಾರಿನ ಸಂಸಾರ. ಮುನಿಯಪ್ಪನವರು ಹಿಂದೆ ಹಸು ಕಟ್ಟುತ್ತಿದ್ದ ಶೆಡ್ಡಿನಲ್ಲಿ ಅದನ್ನು ಇಳಿಸಿದರು. ಅವರ ಹೆಂಡತಿ ರತ್ನಮ್ಮನವರು ಸೊಂಟದ ಮೇಲೆ ಕೈಯಿಟ್ಟು ನೋಡಿ, "ಹಸ ಮಾರಿ ಇದನ್ನ ತಂದ್ರಾ? ಹಾಲಾದ್ರೂ ಕೊಡ್ತಿತ್ತು" ಎಂದರು.

ಮಾರನೆಯ ದಿನ ಮುನಿಯಪ್ಪನವರು ನನ್ನನ್ನು ಕರೆದು ಕೂರಿಸಿ ಕತೆ ಹೇಳಿದರು. ಇಪ್ಪತ್ತೆರಡರ ವಯಸ್ಸಿನಲ್ಲಿ ಅವರು ದಿನಾ ಬೆಳಿಗ್ಗೆ ಸೈಕಲ್ಲಿನ ಮೇಲೆ ಸೊಪ್ಪಿನ ಮೂಟೆ ಹೇರಿಕೊಂಡು ಸಾರಕ್ಕಿಯಿಂದ ಜಯನಗರಕ್ಕೆ ಹೋಗುತ್ತಿದ್ದರಂತೆ. ಅಲ್ಲೊಬ್ಬರು ಡಾಕ್ಟರು. ಅವರದ್ದು ಈ ಕಾರು. ಬೆಳಿಗ್ಗೆ ಹೊತ್ತು ಅದು ತಾನಾಗಿ ಸ್ಟಾರ್ಟ್ ಆದ ದಾಖಲೆಯೇ ಇಲ್ಲ.

"'ಮುನಿಯಪ್ಪ, ಒಂಚೂರು ಕೈ ಹಾಕು' ಅನ್ನೋರು. ಸೈಕಲ್ ಸ್ಟ್ಯಾಂಡ್ ಹಾಕಿ ತಳ್ತಿದ್ದೆ. ಸ್ಟಾರ್ಟ್ ಆಗ್ತಿದ್ದಂಗೆ ಕೈ ಮೇಲೆತ್ತಿ ಹಿಂಗ್ ಆಡ್ಸಿ ಹೋಗ್ಬಿಡೋರು. ಹಿಂದೆ ತಿರುಗ್ತಿರ್ಲಿಲ್ಲ. ಹೊಗೆ ನಂಗೆ."

"ಒಂದು ದಿನಾನೂ ಕೂರಿಸ್ಕೊಂಡು ಹೋಗ್ಲಿಲ್ವಾ?"

"'ಒಂದಿನ ನಿನ್ನ ಕೂರಿಸ್ಕೊಂಡು ಒಂದು ರೌಂಡ್ ಹೊಡೆಯೋಣ ಕಣೋ' ಅನ್ನೋರು. ಐದು ವರ್ಷ ಅಂದ್ರು. ಒಳ್ಳೇ ಮನ್ಷ ಮೇಷ್ಟ್ರೇ, ನಮ್ಮಪ್ಪನಿಗೆ ಪುಕ್ಕಟೆ ಇಂಜೆಕ್ಷನ್ ಹಾಕೋರು. ಮರ್ತೋಗೋರು, ಅಷ್ಟೇ."

ಡಾಕ್ಟರು ತೀರಿಹೋದ ಎಷ್ಟೋ ವರ್ಷಕ್ಕೆ ಆ ಬಂಗಲೆಯನ್ನು ಅಪಾರ್ಟ್‌ಮೆಂಟಿಗೆಂದು ಕೆಡವಿದರು. ಹಳೆಯ ಬಾಗಿಲು ಕಿಟಕಿ ಸಿಗುತ್ತವೇನೋ ಎಂದು ನೋಡಲು ಹೋದ ಮುನಿಯಪ್ಪನವರಿಗೆ, ಗುಜರಿಗೆಂದು ಎಳೆದಿಟ್ಟಿದ್ದ ಈ ಕಾರು ಕಂಡಿತ್ತು. ಹಿಂಬದಿಗೆ ಕೈಯಿಟ್ಟರಂತೆ. ಕೈ ತಾನಾಗಿ ಹಳೆಯ ಜಾಗಕ್ಕೇ ಹೋಗಿ ಕೂತಿತಂತೆ. ಬಾಗಿಲು ಕಿಟಕಿ ಬಿಟ್ಟು ಕಾರು ತಂದರು. "ಒಂದು ಸಲ ಕೂತ್ಕೊಂಡು ಓಡಿಸ್ಬೇಕು ಮೇಷ್ಟ್ರೇ. ಅಷ್ಟೇ. ಅವತ್ತು ಹೆಂಗಿತ್ತೋ ಹಂಗೇ ಇರ್ಬೇಕು" ಎಂದರು.

"ಅವತ್ತು ಹೆಂಗಿತ್ತೋ ಹಂಗೆ ಅಂದ್ರೆ ಸ್ಟಾರ್ಟ್ ಆಗ್ಬಾರದು" ಎಂದು ನಾನು ಹಲ್ಲುಕಿರಿದೆ. ಅವರು ನಗಲಿಲ್ಲ. "ಹಂಗಾದ್ರೆ ಫ್ಯಾಕ್ಟರಿಯಿಂದ ಹೆಂಗ್ ಬಂತೋ ಹಂಗೆ" ಎಂದು ತೀರ್ಪು ಕೊಟ್ಟರು. ತೀರ್ಪಿನ ಜಾರಿಯಲ್ಲಿ ನನಗೂ ಕೆಲಸ ಬಿತ್ತು. ಕಾರಿನ ರಿಪೇರಿ ಪುಸ್ತಕ ಇಂಗ್ಲಿಷಿನಲ್ಲಿತ್ತು, ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಇಂಗ್ಲಿಷನ್ನು ಕನ್ನಡದಲ್ಲೇ ಕಲಿಸುವ ಮೇಷ್ಟ್ರು ಎಂಬ ಗುಟ್ಟನ್ನು ಅವರಿಗೆ ಹೇಳಲು ನನಗೆ ಮನಸ್ಸಾಗಲಿಲ್ಲ.

ಮೆಕ್ಯಾನಿಕ್ ಸೆಲ್ವಂ ಎಂಬಾತ. ಸಾರಕ್ಕಿ ಸಿಗ್ನಲ್ ಹತ್ತಿರ ಸಣ್ಣ ಗ್ಯಾರೇಜು ಇಟ್ಟಿದ್ದ ಒಳ್ಳೆಯ ಕೈಗುಣದ ಮನುಷ್ಯ. ಅವನು ಮೊದಲ ದಿನವೇ, "ಸಾರ್, ಮಾರುತಿ ಇಂಜಿನ್ ಕೂರಿಸ್ಬಿಡೋಣ. ಸಖತ್ತಾಗಿ ಓಡುತ್ತೆ" ಎಂದು ಹೇಳಿ ಚೆನ್ನಾಗಿ ಉಗಿಸಿಕೊಂಡ. ಅಲ್ಲಿಂದ ನಾಲ್ಕು ವರ್ಷ ಮೂವರ ಭಾನುವಾರಗಳೂ ಶೆಡ್ಡಿಗೆ ಅರ್ಪಿತವಾದವು. ನಾನು ಪುಸ್ತಕ ಓದಿ ಅರ್ಥ ಹೇಳುವುದು, ಸೆಲ್ವಂ ಅದನ್ನು ಕೇಳಿದಂತೆ ನಟಿಸಿ ತನಗೆ ಸರಿ ಕಂಡದ್ದನ್ನು ಮಾಡುವುದು, ಮುನಿಯಪ್ಪನವರು ಇಬ್ಬರನ್ನೂ ಬೈಯುವುದು. ಸಿಗದ ಬಿಡಿಭಾಗಗಳಿಗೆ ನಾನು ಇಂಗ್ಲೆಂಡಿಗೆ ಪತ್ರ ಬರೆಯುತ್ತಿದ್ದೆ. ಒಂದು ಸಲ ಬಲಗಡೆಯ ಬಾಗಿಲಿನ ಹಿಡಿ ಬೇಕೆಂದು ಬರೆದದ್ದಕ್ಕೆ ಎಡಗಡೆಯದು ಬಂತು. ತಪ್ಪು ಇಂಗ್ಲೆಂಡಿನವರದ್ದು ಎಂದು ಸಾಧಿಸಿಬಿಟ್ಟೆ.

ಬಣ್ಣದ ಸಂಗತಿಯನ್ನು ಹೇಳದೆ ಮುಂದೆ ಹೋದರೆ ನನಗೆ ಪಾಪ ಬಂದೀತು. ಡ್ಯಾಶ್‌ಬೋರ್ಡಿನ ಒಳಮೈ ಕೆರೆದಾಗ ಮೂಲ ಬಣ್ಣ ಸಿಕ್ಕಿತು, ಹಸಿರು. ಪೇಂಟಿನವನು ತಗಡಿನ ತುಂಡುಗಳಿಗೆ ಹಸಿರು ಬಳಿದು ಒಂದೊಂದಾಗಿ ತಂದು ತೋರಿಸುತ್ತಿದ್ದ. ಅವನ ಡಬ್ಬಿಯ ಮೇಲೆ ನಂಬರುಗಳಿದ್ದವು. ಮುನಿಯಪ್ಪನವರ ತಲೆಯಲ್ಲಿ ಇದ್ದದ್ದು ಸೊಪ್ಪು. ಬಿಸಿಲಿಗೆ ಹಿಡಿದು ನೋಡಿ, "ಇದು ಮೆಂತ್ಯ. ನಡಿ" ಎಂದರು. ಮುಂದಿನ ವಾರದ್ದಕ್ಕೆ, "ಇದು ಪಾಲಕ್ಕು, ಅದೂ ಎರಡು ದಿನದ್ದು." ಮೂರನೆಯದಕ್ಕೆ ಬಹಳ ಹೊತ್ತು ಯೋಚಿಸಿ, "ಹತ್ರ ಬಂದಿದ್ದೀಯ. ಆದ್ರೆ ಇದು ಕೊತ್ತಂಬರಿ. ನಂಗೆ ಬೇಕಾಗಿರೋದು ಸಬ್ಬಸಿಗೆ, ಬೆಳಿಗ್ಗೆ ಆರು ಗಂಟೆಗೆ ನೀರು ಚಿಮುಕಿಸಿದ ಸಬ್ಬಸಿಗೆ" ಎಂದರು. ಪೇಂಟಿನವನು ಮಾರುಕಟ್ಟೆಗೆ ಹೋಗಿ ಒಂದು ಕಟ್ಟು ಸಬ್ಬಸಿಗೆ ತಂದು ಪಕ್ಕಕ್ಕಿಟ್ಟುಕೊಂಡು ಬಣ್ಣ ಕಲೆಸಿದ. ಕೊನೆಗೆ ಆ ತಗಡನ್ನು ಡ್ಯಾಶ್‌ಬೋರ್ಡಿನ ಒಳಮೈಗೆ ಹಿಡಿದರೆ ನಮಗೆ ಗಡಿ ಎಲ್ಲಿದೆಯೆಂದೇ ತಿಳಿಯಲಿಲ್ಲ. ಆ ಕಟ್ಟಿನ ಸೊಪ್ಪಿಗೆ ರತ್ನಮ್ಮನವರು ಅಕ್ಕಿರೊಟ್ಟಿ ತಟ್ಟಿ ಎಲ್ಲರಿಗೂ ಕೊಟ್ಟರು.

ಅದೇ ರತ್ನಮ್ಮನವರು ಆಯುಧಪೂಜೆಗೆ ವಿಭೂತಿ, ಕುಂಕುಮ ಹಿಡಿದು ಬಂದಾಗ ಮಾತ್ರ ಜಗಳವಾಯಿತು. "ಬಾನೆಟ್ ಮುಟ್ಬೇಡ. ಫ್ಯಾಕ್ಟರಿಲಿ ವಿಭೂತಿ ಬಳ್ದಿದ್ರಾ?" ಎಂದು ಮುನಿಯಪ್ಪನವರು ಅಡ್ಡ ನಿಂತರು. ಆಕೆ ಟೈರಿಗೆ ಮೂರು ಪಟ್ಟೆ ಎಳೆದು ಹೋದರು.

ಅಂತೂ ಕಾರು ಮುಗಿಯಿತು. ಸ್ಕ್ರೂ, ಹೊಲಿಗೆ, ಹಾರ್ನು ಎಲ್ಲವೂ ಪುಸ್ತಕದಲ್ಲಿ ಬರೆದಿದ್ದ ಹಾಗೆ. ಮುನಿಯಪ್ಪನವರು ಸ್ನಾನ ಮಾಡಿ, ಬಿಳಿ ಷರಟು ತೊಟ್ಟು ಬಂದರು. ಬಾಗಿಲು ತೆಗೆದು ಬಲಗಾಲು ಒಳಗಿಟ್ಟರು, ಬಗ್ಗಿದರು, ಅರ್ಧ ಹೋದರು, ನಿಂತರು. ಹೊಟ್ಟೆ ಸ್ಟಿಯರಿಂಗಿಗೆ ತಗುಲಿಕೊಂಡಿತ್ತು. ಒಳಗೂ ಹೋಗಲಾರರು, ಹೊರಗೂ ಬರಲಾರರು.

ನಾಲ್ಕು ವರ್ಷ ಆ ಕಾರಿನ ಎಲ್ಲವನ್ನೂ ಅಳತೆ ಮಾಡಿದ್ದೆವು. ಮಾಲೀಕರನ್ನು ಅಳೆಯುವುದು ಮೂವರಿಗೂ ಹೊಳೆದಿರಲಿಲ್ಲ.

"ಸ್ಟಿಯರಿಂಗ್ ಬಿಚ್ತೀನಿ ಇರಿ ಸಾರ್" ಎಂದ ಸೆಲ್ವಂ. "ಮುಟ್ಟಿದ್ರೆ ನೋಡು" ಎಂದು ಒಳಗಿನಿಂದ ದನಿ ಬಂತು. ಉಸಿರು ಬಿಡಿಸಿ, ಇಬ್ಬರೂ ಕಂಕುಳಿಗೆ ಕೈ ಹಾಕಿ ಎಳೆದೆವು. ಬಿಳಿ ಷರಟಿನ ಮೂರು ಗುಂಡಿ ಕಾರಿನಲ್ಲೇ ಉಳಿದವು. ಸೆಲ್ವಂ ತಲೆ ಕೆರೆದುಕೊಂಡು, "ಸೀಟು ಈಗ್ಲೇ ಕಡೇ ತನಕ ಹಿಂದಿದೆ. ನೆಲಕ್ಕೆ ಎರಡು ತೂತು ಹೊಡೆದು ಇನ್ನೊಂದ್ ಮೂರಿಂಚು ಹಿಂದೆ ಫಿಟ್ ಮಾಡ್ಲಾ? ಯಾರಿಗೂ ಗೊತ್ತಾಗಲ್ಲ" ಎಂದ.

"ನಂಗ್ ಗೊತ್ತಾಗುತ್ತಲ್ಲ" ಎಂದರು ಮುನಿಯಪ್ಪನವರು. ಆಮೇಲೆ ಶೆಡ್ಡಿನ ಕಟ್ಟೆಯ ಮೇಲೆ ಕುಳಿತು, ಹೊಟ್ಟೆಯನ್ನು ಯಾರೋ ತಂದಿಟ್ಟು ಹೋದ ಸಾಮಾನಿನ ಹಾಗೆ ನೋಡಿಕೊಂಡರು. "ಕಾರಿಗೇನೂ ಆಗಿಲ್ಲ ಮೇಷ್ಟ್ರೇ. ಈಗ ನನ್ನ ಫ್ಯಾಕ್ಟರಿ ಕಂಡೀಷನ್‌ಗೆ ತರ್ಬೇಕು. ಪುಸ್ತಕದಲ್ಲಿ ಏನ್ ಬರ್ದಿದೆ?"

"ಬಿಚ್ಚಿದ್ದನ್ನ ಉಲ್ಟಾ ಕ್ರಮದಲ್ಲಿ ಜೋಡಿಸಿ ಅಂತಿದೆ."

"ತಿಂದಿದ್ದನ್ನ ಉಲ್ಟಾ ಹೆಂಗ್ರೀ ಮಾಡೋದು?"

ಮಾಡಿದರು. ಮರುದಿನದಿಂದ ಬೆಳಿಗ್ಗೆ ಹತ್ತಿರದ ಮಿನಿ ಫಾರೆಸ್ಟ್ ಪಾರ್ಕಿನಲ್ಲಿ ನಡಿಗೆ. ಮೂರು ಮುದ್ದೆ ಒಂದಕ್ಕಿಳಿಯಿತು, ಭಾನುವಾರದ ಮಟನ್ ಸಾರು ನಿಂತಿತು. ನಾನು ಇದನ್ನೆಲ್ಲ ಕಂಡು ನಕ್ಕಿದ್ದೆ, ಆದರೆ ರತ್ನಮ್ಮನವರು ಒಂದು ದಿನ ನಿಜಕ್ಕೂ ಕಣ್ಣೊರೆಸಿಕೊಂಡರು. "ಮೂವತ್ತು ವರ್ಷ ಬೇಯಿಸಿ ಹಾಕಿ ಈ ಹೊಟ್ಟೆ ಮಾಡಿದ್ದು ನಾನು. ಮದುವೆ ಆದಾಗ ಕಡ್ಡಿ ಇದ್ದಂಗಿದ್ರು. ಯಾವೋನೋ ಇಂಗ್ಲೆಂಡ್‌ನೋನು ಮಾಡಿದ ಸೀಟಿಗೋಸ್ಕರ ನಾನ್ ಮಾಡಿದ್ದನ್ನ ಕರಗಿಸ್ತಾವ್ರೆ" ಎಂದರು. ಅವರ ಮಾತು ನ್ಯಾಯವಾದದ್ದೇ ಆಗಿತ್ತು.

ಪ್ರತಿ ಭಾನುವಾರ ಪರೀಕ್ಷೆ. ಅವರು ಕೂರಲು ನೋಡುವುದು, ನಾನು ಹೊಟ್ಟೆಗೂ ಸ್ಟಿಯರಿಂಗಿಗೂ ನಡುವೆ ಬೆರಳು ತೂರಿಸಲು ನೋಡುವುದು. ಏಳು ತಿಂಗಳಿಗೆ ಅವರು ಪೂರಾ ಕೂತರು. ಎಂಟನೆಯ ತಿಂಗಳು ನನ್ನ ಒಂದು ಬೆರಳು ತೂರಿತು. ಅದು ನನ್ನ ಕಿರುಬೆರಳು ಎಂಬುದನ್ನು ಅವರಿಗೆ ಹೇಳಲಿಲ್ಲ.

ಮಾರನೆಯ ಬೆಳಿಗ್ಗೆ ಹೊರಟೆವು. ಪಕ್ಕದ ಸೀಟಿನಲ್ಲಿ ರತ್ನಮ್ಮನವರು, ತೊಡೆಯ ಮೇಲೆ ಕುಂಕುಮದ ಭರಣಿ, ಮುಖದಲ್ಲಿ ಇನ್ನೂ ಮುನಿಸು. ಹಿಂದೆ ಸ್ಕೂಟರಿನಲ್ಲಿ ನಾನು ಮತ್ತು ಸೆಲ್ವಂ. ಕೀ ತಿರುಗಿಸಿದ್ದೇ ತಡ, ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಸೆಲ್ವಂ ಶಿಳ್ಳೆ ಹಾಕಿದ. ಮುನಿಯಪ್ಪನವರ ಮುಖದಲ್ಲಿ ಮಾತ್ರ ನಾನು ಎಣಿಸಿದ್ದ ಸಂತೋಷ ಕಾಣಲಿಲ್ಲ. ಸಾರಕ್ಕಿ ಸಿಗ್ನಲ್ ದಾಟಿ ನೆಟ್ಟಗೆ ಜಯನಗರಕ್ಕೆ ಹೋದರು. ಡಾಕ್ಟರ ಬಂಗಲೆಯಿದ್ದ ಜಾಗದಲ್ಲಿ ಈಗ ನಿಂತಿರುವ ಅಪಾರ್ಟ್‌ಮೆಂಟಿನ ಮುಂದೆ ಕಾರು ನಿಲ್ಲಿಸಿ, ಇಂಜಿನ್ ಆಫ್ ಮಾಡಿದರು.

"ಮೇಷ್ಟ್ರೇ, ಸೆಲ್ವಂ, ಹಿಂದೆ ಹೋಗಿ. ತಳ್ಳಿ."

"ಕೀ ಹಾಕಿದ್ರೆ ಸ್ಟಾರ್ಟ್ ಆಗುತ್ತಲ್ಲ ಸಾರ್?"

"ಗೊತ್ತು ಕಣೋ. ತಳ್ಳಿ."

ತಳ್ಳಿದೆವು. ನಾಲ್ಕು ವರ್ಷ ಬೆವರು ಸುರಿಸಿ ತಳ್ಳುವ ಅಗತ್ಯವೇ ಇಲ್ಲದಂತೆ ಮಾಡಿದ ಕಾರನ್ನು, ಆ ಅಪಾರ್ಟ್‌ಮೆಂಟಿನ ವಾಚ್‌ಮನ್ ಪಿಳಿಪಿಳಿ ನೋಡುತ್ತಿರುವಾಗ ತಳ್ಳಿದೆವು. ಹತ್ತು ಹೆಜ್ಜೆಗೆ ಇಂಜಿನ್ ಹಿಡಿಯಿತು. ಹೊಗೆ ನಮ್ಮಿಬ್ಬರ ಮುಖಕ್ಕೆ. ಒಂದು ಕೈ ಮೇಲೆದ್ದು ಹಿಂದಿರುಗಿ ನೋಡದೆ ಅಲ್ಲಾಡಿತು, ಸಬ್ಬಸಿಗೆ ಬಣ್ಣದ ಕಾರು ಕ್ರಾಸಿನಲ್ಲಿ ತಿರುಗಿ ಕಣ್ಮರೆಯಾಯಿತು. "ಇದಕ್ಕೇನಾ ಸಾರ್ ಇಷ್ಟೆಲ್ಲಾ ಮಾಡಿದ್ದು?" ಎಂದ ಸೆಲ್ವಂ. ನಾನು ಅಂಗೈ ಒರೆಸಿಕೊಂಡೆ. ನಿಜ ಹೇಳಬೇಕೆಂದರೆ ನನಗೆ ಕೋಪವೇ ಬಂದಿತ್ತು.

ಸ್ವಲ್ಪ ಹೊತ್ತಿಗೆ ಸದ್ದು ಕೇಳಿಸಿತು. ಕಾರು ಇನ್ನೊಂದು ಕ್ರಾಸಿನಿಂದ ಸುತ್ತಿ ಬಂದು ನಮ್ಮ ಮುಂದೆಯೇ ನಿಂತಿತು. ರತ್ನಮ್ಮನವರು ಇಳಿದು ಬಾಗಿಲು ಹಿಡಿದುಕೊಂಡರು. ಬಾನೆಟ್ಟಿನ ನಟ್ಟನಡುವೆ ಒಂದು ಕುಂಕುಮದ ಬೊಟ್ಟಿತ್ತು. ತಿರುವಿನಾಚೆ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಮುನಿಯಪ್ಪನವರ ಕಣ್ಣು ಒದ್ದೆಯಾಗಿತ್ತು.

"ಡಾಕ್ಟರು ವಾಪಸ್ ಬರ್ತಿರ್ಲಿಲ್ಲ" ಎಂದರು. "ಸೆಲ್ವಂ, ಮೊದ್ಲು ನೀನು ಹತ್ತು. ಆಮೇಲೆ ಮೇಷ್ಟ್ರು."

ಒಬ್ಬೊಬ್ಬರಿಗೆ ಒಂದೊಂದು ರೌಂಡ್. ವಾಚ್‌ಮನ್ನನ್ನೂ ಬಿಡಲಿಲ್ಲ.

ಮುನಿಯಪ್ಪನವರು ಈಗಿಲ್ಲ. ಕಾರು ಅವರ ಮಗಳ ಹತ್ತಿರವಿದೆ. ಕುಂಕುಮದ ಬೊಟ್ಟು ಇದ್ದಲ್ಲಿ ಪೇಂಟು ಒಂದು ಚೂರು ಮಾಸಿದೆಯಂತೆ, ಪಾಲಿಶ್ ಮಾಡಿಸಲು ಅಪ್ಪ ಬಿಡಲಿಲ್ಲವಂತೆ.

ಇವತ್ತು ಸಂಜೆ ನರ್ಸ್ ಹುಡುಗಿ ಹೊಸ ಬ್ಯಾಟರಿ ಹಾಕಿಸಿಕೊಂಡು ಬಂದಳು. ಗೇಟಿನಲ್ಲಿ ನನ್ನನ್ನು ಕಂಡು, "ಥ್ಯಾಂಕ್ಸ್ ರೀ ಅಂಕಲ್, ಮುಂಜಾನೆ ನಿಂತು ಹೇಳಾಕ ಆಗ್ಲಿಲ್ಲ" ಎಂದಳು. ಬೇರೆ ದಿನವಾಗಿದ್ದರೆ "ಪರವಾಗಿಲ್ಲಮ್ಮ" ಎಂದು ದೊಡ್ಡ ಮನುಷ್ಯನ ಹಾಗೆ ನಕ್ಕು ಲಿಫ್ಟಿಗೆ ಹೋಗುತ್ತಿದ್ದೆ.

"ಥ್ಯಾಂಕ್ಸ್ ಬೇಡ. ಒಂದು ರೌಂಡ್ ಕೂರಿಸ್ಕೊಂಡು ಹೋಗು" ಎಂದೆ.

ಅವಳು ಪಕ್ಕದ ಬಾಗಿಲು ತೆಗೆದಳು. ನಾನು ಬಲು ಕಷ್ಟದಿಂದ ಬಗ್ಗಿ ಒಳಗೆ ಸೇರಿದೆ. ಮೊಣಕಾಲು ಡ್ಯಾಶ್‌ಬೋರ್ಡಿಗೆ ತಗುಲಿತು, ಹೊಟ್ಟೆ ತೊಡೆಗೆ ತಗುಲಿತು.

"ಸೀಟ್ ಹಿಂದ ಸರಿಸ್ಕೋರಿ ಅಂಕಲ್, ಕೆಳಗ ಹಿಡಿ ಐತಿ."

"ಬೇಡಮ್ಮ, ಅದು ಹೆಂಗಿದ್ಯೋ ಹಂಗೇ ಇರ್ಲಿ" ಎಂದು ಉಸಿರು ಒಳಗೆಳೆದುಕೊಂಡು ಕೂತೆ. "ನಡಿ."