ಕಿವಿಗೆ ಬಾಗಿಲಿಲ್ಲದ ದಿನಗಳು

ಸಮವಸ್ತ್ರ ಹೊಲಿಯುವ ಆ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಎಲ್ಲರಿಗೂ ಅವಳು ಕತ್ತರಿ ಅಕ್ಕ. ನಲವತ್ತು ಪದರದ ಮೇಲೆ ಕರೆಂಟಿನ ಕತ್ತರಿ ಓಡಿಸಿದರೂ ಒಂದೆಳೆ ಆಚೀಚೆ ಆಗುತ್ತಿರಲಿಲ್ಲ. ಅವಳಿಗೆ ಮನಸ್ಸು ಒಮ್ಮೆ ಉಕ್ಕೇರಿ ಒಮ್ಮೆ ಕುಸಿಯುವ ಬೈಪೋಲಾರ್ ಕಾಯಿಲೆ ಇದೆಯೆಂಬುದು ಮಾತ್ರ ಅಣ್ಣ ಅತ್ತಿಗೆಯನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಮನಸ್ಸು ಉಕ್ಕೇರುವ ಮುಂಚೆ ಅವಳ ಕಣ್ಣು ಕಿವಿಗಳೇ ಸುಳಿವು ಕೊಡುತ್ತಿದ್ದವು. ಮೂವತ್ತು ಹೊಲಿಗೆ ಯಂತ್ರಗಳ ಸದ್ದು ಒಂದಾಗಿ ಕೇಳದೆ ಮೂವತ್ತಾಗಿ ಕೇಳುತ್ತಿತ್ತು. ಟ್ಯೂಬ್‌ಲೈಟಿನ ಗುಂಯ್‌ಗುಟ್ಟುವಿಕೆ ಹಲ್ಲಿನ ಬುಡಕ್ಕೆ ಇಳಿಯುತ್ತಿತ್ತು. ಹಿಂದೆ ಎರಡು ಸಲ ಹೀಗಾದಾಗ ಹಲ್ಲು ಕಚ್ಚಿ ಸಹಿಸಿದ್ದಳು. ಎರಡು ಸಲವೂ ಆಸ್ಪತ್ರೆ ಸೇರಿದ್ದಳು. ಕಾರ್ಖಾನೆಗೆ ಕಾಮಾಲೆಯೆಂದು ಹೇಳಿ ಕಳಿಸಿದ್ದಾಯಿತು.

ಈ ಸಲ ಶಾಲೆ ಶುರುವಾಗುವ ಮುಂಚಿನ ಗಡಿಬಿಡಿಗೆ ಹತ್ತು ಯಂತ್ರ ಹೆಚ್ಚಿಗೆ ಬಂದವು, ಜೊತೆಗೊಂದು ರೇಡಿಯೊ. ಮೂರನೇ ದಿನ ಮೇಜಿನ ಮೇಲಿನ ಕೆಂಪು ಚೌಕುಳಿ ಬಟ್ಟೆ ಕಣ್ಣಿಗೆ ಚುಚ್ಚತೊಡಗಿತು. ಅವಳು ಕತ್ತರಿಯ ಸ್ವಿಚ್ ಆರಿಸಿದಳು. ಹೀಗೇ ಮುಂದುವರಿದರೆ ಬೆರಳಿಗೆ ಸಂಚಕಾರ. ನೇರ ಮೇಸ್ತ್ರಿಯ ಬಳಿ ಹೋದಳು.

"ನಂಗೆ ಬೈಪೋಲಾರ್ ಕಾಯಿಲೆ ಇದೆ ಮೇಸ್ತ್ರಿ. ಮಾತ್ರೆ ತಗೋತಿದೀನಿ. ಆದ್ರೆ ಈ ಸದ್ದಲ್ಲೇ ಇದ್ರೆ ಮತ್ತೆ ಆಸ್ಪತ್ರೆ ಸೇರ್ತೀನಿ."

ಮೇಸ್ತ್ರಿ ತಲೆ ಕೆರೆದುಕೊಂಡ. "ಅಲ್ಲಕ್ಕ, ಸದ್ದಿಲ್ದೆ ಮಷಿನ್ ಓಡುತ್ತಾ? ಉಳಿದೋರೆಲ್ಲ ಸಹಿಸ್ಕೊಂಡಿಲ್ವಾ?"

"ಅವರ ಕಿವಿಗೆ ಬಾಗಿಲಿದೆ. ನನ್ನದಕ್ಕೆ ಈಗ ಇಲ್ಲ. ನನ್ನ ಮೇಜನ್ನ ಹಿಂದಿನ ಗೋದಾಮಿಗೆ ಹಾಕ್ಸಿ."

"ಅಲ್ಲಿ ಇಲಿ ಇದಾವೆ."

"ಇಲಿ ರೇಡಿಯೊ ಹಾಕಲ್ಲ."

ಮೇಸ್ತ್ರಿಗೆ ನಗು ತಡೆಯಲಾಗಲಿಲ್ಲ. ಒಂದು ವಾರ ನೋಡೋಣ ಎಂದ.

ಅಂದು ಸಂಜೆಯೇ ಅವಳು ಡಾಕ್ಟರನ್ನು ಕಂಡು ಮಾತ್ರೆ ಬದಲಾಯಿಸಿಕೊಂಡು ಬಂದಳು. ವಿಷಯ ತಿಳಿದ ಅತ್ತಿಗೆ, "ಕೈಯಾರೆ ಮರ್ಯಾದೆ ಕಳ್ಕೊಂಡ್ಯಲ್ಲೇ" ಎಂದು ಹಣೆ ಚಚ್ಚಿಕೊಂಡಳು. ಅತ್ತಿಗೆಯ ಮಾತು ಪೂರ್ತಿ ಸುಳ್ಳಾಗಲಿಲ್ಲ. ಕಾರ್ಖಾನೆಯ ಇಸ್ತ್ರಿಯವನು ಬೆನ್ನ ಹಿಂದೆ ಹುಚ್ಚಿ ಎಂದದ್ದು ಕತ್ತರಿ ಅಕ್ಕನ ಕಿವಿಗೂ ಬಿತ್ತು. ಆದರೂ ಮರುದಿನ ಅವನೆದುರೇ ಹಾದು ಗೋದಾಮಿಗೆ ಹೋದಳು.

ಮನಸ್ಸಿನ ಉಬ್ಬರ ಬರದೇ ಇರಲಿಲ್ಲ. ಎರಡು ದಿನ ನಿದ್ದೆ ಹತ್ತಲಿಲ್ಲ. ಮಾತು ಓಟಕ್ಕೆ ಬಿತ್ತು. ಕಿಟಕಿಗೆ ಕಂಬಳಿ ಕಟ್ಟಿ, ಅಣ್ಣನಿಗೆ ಹೇಳಿ ಟಿವಿ ಆಫ್ ಮಾಡಿಸಿ, ರಜೆ ಹಾಕಿ ಮಲಗಿದಳು. ಆದರೆ ಈ ಸಲ ಪ್ರವಾಹ ಮೊಣಕಾಲಿಗೆ ಬಂದು ನಿಂತಿತು, ಕುತ್ತಿಗೆಗೆ ಏರಲಿಲ್ಲ. ಐದನೇ ದಿನ ಕೆಲಸಕ್ಕೆ ಬಂದಳು.

ಗೋದಾಮಿನ ಮೇಜು ಅಲ್ಲೇ ಉಳಿಯಿತು. ಯಾರೂ ಹೇಳದಿದ್ದರೂ ಅವಳು ಈಗ ಸದ್ದಿಗೆ ಕಿವಿ ಪಳಗಿಸಿಕೊಳ್ಳಲು ದಿನಕ್ಕೊಮ್ಮೆ ದೊಡ್ಡ ಹಜಾರಕ್ಕೆ ಹೋಗಿ ಯಂತ್ರಗಳ ನಡುವೆ ನಿಲ್ಲುತ್ತಾಳೆ. ಮೊದಲು ಐದು ನಿಮಿಷ ನಿಂತಳು, ಕಳೆದ ವಾರ ಹನ್ನೆರಡು.