ಬೇಲಿಯ ಟವೆಲ್ಲಿಗೆ ನಿಂತ ಬಸ್ಸು

ನಾನು ಚಿಕ್ಕವನಿದ್ದಾಗ ಯಲ್ಲಾಪುರದಿಂದ ಶಿರಸಿಗೆ ಹೋಗುವ ಬಸ್ಸು ಜನರಿಗಾಗಿ ಕಾಯುತ್ತಿತ್ತು. ನಗಬೇಡಿ ಮಕ್ಕಳೇ, ನಿಜ. ಒಳಗಿನ ಊರುಗಳಿಂದ ರಸ್ತೆಗೆ ಬರಲು ತಾಸುಗಟ್ಟಲೆ ನಡೆಯಬೇಕಿತ್ತು. ತಡವಾಗುವಂತಿದ್ದರೆ ಮನೆಯವರೊಬ್ಬರು ಮುಂದೆ ಓಡಿಬಂದು ಕ್ರಾಸಿನ ಬೇಲಿಗೆ ಟವೆಲ್ ಕಟ್ಟಿ ಹೋಗುತ್ತಿದ್ದರು. ಅದು ಕಂಡರೆ ನಮ್ಮ ಅಬ್ಬಾ ಬಸ್ಸು ನಿಲ್ಲಿಸಿ, ಹಾರ್ನ್ ಹೊಡೆದು, ಬೀಡಿ ಹಚ್ಚುತ್ತಿದ್ದರು.

ಅಬ್ಬಾ, ಅಂದರೆ ನನ್ನ ಅಪ್ಪ, ಆ ಖಾಸಗಿ ಬಸ್ಸಿನ ಡ್ರೈವರ್. ಬಾಣಂತಿಯರು, ಪರೀಕ್ಷೆಯ ಮಕ್ಕಳು, ಗಮ್ಮೆನ್ನುವ ಹಲಸಿನಹಣ್ಣು, ಮಠಕ್ಕೆ ಹೊರಟ ಬಾಳೆಗೊನೆ, ಎಲ್ಲವೂ ಅದರಲ್ಲೇ. ನಮ್ಮ ಸೀಮೆಗೆ ಆಸ್ಪತ್ರೆ, ಶಾಲೆ, ಪೇಟೆಯನ್ನು ಹತ್ತಿರ ತಂದದ್ದು ಇಂಥ ಬಸ್ಸುಗಳು.

ಆಮೇಲೆ ಆ ದಾರಿಯಲ್ಲಿ ಸರಕಾರಿ ಬಸ್ಸು ಬಂತು. ಅಬ್ಬಾನಿಗೆ ಅದರಲ್ಲೇ ಕೆಲಸ ಸಿಕ್ಕಿತು, ಆದರೆ ಕಾಯಂ ಆಗಿರಲಿಲ್ಲ. ಒಂದು ದೂರು ಬಂದರೂ ಮನೆಗೆ ಕಳಿಸುತ್ತಿದ್ದರು. ನನ್ನ ಅಕ್ಕ, ನಾವು ಆಪಾ ಎನ್ನುತ್ತಿದ್ದೆವು, ಹಿತ್ತಾಳೆ ಚೊಂಬಿಗೆ ಕೆಂಡ ತುಂಬಿ ಅಬ್ಬಾನ ಖಾಕಿ ಅಂಗಿಗೆ ಇಸ್ತ್ರಿ ಮಾಡುತ್ತಿದ್ದಳು. ಬಿಸಿಬಟ್ಟೆಯ ವಾಸನೆ ಮನೆತುಂಬ ಹರಡುತ್ತಿತ್ತು.

ಒಂದು ಬೆಳಿಗ್ಗೆ ನಾನೂ ಅಬ್ಬಾನ ಜೊತೆ ಶಿರಸಿಗೆ ಹೊರಟೆ. ಉಮ್ಮಚಗಿ ದಾಟಿದ ಮೇಲೆ ಒಂದು ಕ್ರಾಸಿನ ಬೇಲಿಯಲ್ಲಿ ಕೆಂಪು ಟವೆಲ್ ಕಂಡಿತು. ಅಬ್ಬಾನ ಕಾಲು ತಾನಾಗಿಯೇ ಬ್ರೇಕಿಗೆ ಹೋಯಿತು.

ಕಂಡಕ್ಟರ್ ಹಾವೇರಿ ಕಡೆಯವನು, ಹೊಸಬ. "ಹೊಂಡ್ರಿ ಡ್ರೈವರ್, ಇದು ಸರಕಾರಿ ಗಾಡಿ ಐತಿ," ಎಂದ.

"ಸ್ವಲ್ಪ ತಡಿ. ಯಾರೋ ಬರ್ತಾ ಇದಾರೆ."

ಮುಂದಿನ ಸೀಟಿನಲ್ಲಿ ಜರಿ ಶಾಲಿನ ಯಜಮಾನರೊಬ್ಬರಿದ್ದರು. ಅವರ ಮನೆಯ ಟವೆಲ್ ಬೇಲಿಯಲ್ಲಿ ಕಂಡಷ್ಟು ಸಲ ಬೇರೆ ಯಾರದ್ದೂ ಕಂಡಿರಲಿಲ್ಲ. ಈಗ ಅವರೇ ಸಿಡುಕಿದರು: "ಎಂತ ಮಾರಾಯಾ, ಎಷ್ಟೊತ್ತು ನಿಲ್ಸ್ತೆ? ನಂಗೆ ಕೋರ್ಟಿಗೆ ಹೊತ್ತಾಯ್ತು."

ಅಬ್ಬಾ ಇಂಜಿನ್ ಆರಿಸಿದರು. ಬಹಳ ಹೊತ್ತಿನ ಮೇಲೆ ಕಾಲುದಾರಿಯಿಂದ ಒಬ್ಬ ಅಜ್ಜಿ ಏದುಸಿರು ಬಿಡುತ್ತ ಬಂದಳು. ಹೆಗಲ ಮೇಲೆ ಮೈ ಸುಡುತ್ತಿದ್ದ ಮೊಮ್ಮಗು. "ನೀ ನಿಲ್ತೆ ಅಂತ ಗೊತ್ತಿತ್ತು ತಮ್ಮಾ," ಎಂದಳು.

ಶಿರಸಿಯಲ್ಲಿ ಇಳಿದವರೇ ಯಜಮಾನರು ನೇರ ಬಸ್ ನಿಲ್ದಾಣದ ಅಧಿಕಾರಿಯ ಕೋಣೆಗೆ ನಡೆದರು. "ಈ ಡ್ರೈವರ್ ತನಗೆ ಬೇಕಾದಲ್ಲಿ ಬಸ್ ನಿಲ್ಸ್ತಾನೆ," ಎಂದು ಕೂಗಾಡಿದರು. ಅಧಿಕಾರಿ ಹೊರಬಂದು, ಹೌದೇ ಎಂದು ಉಳಿದವರನ್ನು ಕೇಳಿದ. ಬಸ್ಸಿನಲ್ಲಿದ್ದ ಅರ್ಧ ಜನ ಒಂದಲ್ಲ ಒಂದು ದಿನ ಅಬ್ಬಾನನ್ನು ಕಾಯಿಸಿದವರು. ಎಲ್ಲರೂ ನೆಲ ನೋಡಿದರು. ಅಜ್ಜಿ ಆಗಲೇ ಆಸ್ಪತ್ರೆಯ ದಾರಿ ಹಿಡಿದಿದ್ದಳು. ಹತ್ತಿದ ಏಣಿಯನ್ನು ಒದೆಯುವುದು ಎಂದರೇನೆಂದು ನನಗೆ ಗೊತ್ತಾದದ್ದು ಅವತ್ತೇ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಸಂಜೆಯೊಳಗೆ ಅಬ್ಬಾನ ಕೆಲಸ ಹೋಯಿತು. ಮಗು ಬದುಕಿತು ಎಂದು ಆಮೇಲೆ ಯಾರೋ ಹೇಳಿದರು. ಮುಂದೆ ಅಬ್ಬಾ ಕಟ್ಟಿಗೆ ಅಡ್ಡೆಯಲ್ಲಿ ದಿಮ್ಮಿ ಹೊತ್ತರು. ಮತ್ತೆ ಬಸ್ಸು ಹತ್ತಲೇ ಇಲ್ಲ.

ನೀವು ಮೊನ್ನೆ ನಾಡು ಕಟ್ಟಿದವರ ಪಾಠ ಓದುತ್ತಿದ್ದಿರಿ. ರಸ್ತೆ ಮಾಡಿಸಿದವರು, ಕಂಪನಿ ಕಟ್ಟಿದವರು, ಎಲ್ಲರ ಫೋಟೋ ಇತ್ತು. ಬಸ್ಸು ಓಡಿಸಿದವರದ್ದು ಇರಲಿಲ್ಲ. ನಿಮಗೆ ಬಸ್ಸು ಎಲ್ಲಿದೆ ಎಂದು ಮೊಬೈಲಿನಲ್ಲೇ ಕಾಣುತ್ತದೆ. ಒಂದು ತಪ್ಪಿದರೆ ಇನ್ನೊಂದು ಬರುತ್ತದೆ ದಾದಾ, ಎಂದು ಈ ಅಜ್ಜನಿಗೆ ಹೇಳುತ್ತೀರಿ. ಬರುತ್ತದೆ. ಅವತ್ತು ಆ ಅಜ್ಜಿಗೆ ಇನ್ನೊಂದು ಬಸ್ಸಿರಲಿಲ್ಲ, ಅಬ್ಬಾನಿಗೆ ಇನ್ನೊಂದು ಕೆಲಸವಿರಲಿಲ್ಲ. ಅದು ಗೊತ್ತಿದ್ದೂ ಅವರು ನಿಂತರು.