ಅಳೆಯದೆ ಬಿಟ್ಟ ತಿಂಗಳು

ಟೇಪು ಮೇಷ್ಟ್ರನ್ನು ಮೊದಲ ಸಲ ಕಂಡಾಗ ನಾನು ಅವರನ್ನು ದರ್ಜಿ ಎಂದುಕೊಂಡೆ. ಫುಟ್‌ಬಾಲ್ ಕ್ಲಬ್ಬಿನ ಆಫೀಸಿಗೆ ಕೆಲಸಕ್ಕೆ ಸೇರಿದ ದಿನ ಅದು. ನನಗೆ ಕೊಟ್ಟ ಸಮವಸ್ತ್ರದ ಪ್ಯಾಂಟು ನನಗಿಂತ ಮುಂಚೆ ಆ ಕುರ್ಚಿಯಲ್ಲಿದ್ದವನದು. ಅವನು ಭಾರಿ ಎತ್ತರದ ಆಸಾಮಿ ಇರಬೇಕು, ನನ್ನ ಎರಡೂ ಪಾದಗಳು ಅದರೊಳಗೆ ನಾಪತ್ತೆಯಾಗಿದ್ದವು. ಹಾಗೇ ಎತ್ತಿ ಹಿಡಿದುಕೊಂಡು ಉಗ್ರಾಣದ ಹಿಂದೆ ಹೋದರೆ, ಅಲ್ಲೊಬ್ಬರು ಬೋಳುತಲೆಯವರು ಕೊರಳಿಗೆ ಟೇಪು ಹಾಕಿಕೊಂಡು, ಕಿವಿಗೆ ಪೆನ್ಸಿಲು ಸಿಕ್ಕಿಸಿಕೊಂಡು, ಸಾಲಾಗಿ ನಿಂತ ಹುಡುಗರನ್ನು ಒಬ್ಬೊಬ್ಬರನ್ನಾಗಿ ಗೋಡೆಗೆ ನಿಲ್ಲಿಸಿ ಅಳೆಯುತ್ತಿದ್ದರು. ನಾನು ಸಾಲಿನ ಕೊನೆಗೆ ಹೋಗಿ ನಿಂತೆ.

ನನ್ನ ಸರದಿ ಬಂದಾಗ ಅವರು ಏನೂ ಕೇಳಲಿಲ್ಲ. ಬೆನ್ನನ್ನು ಗೋಡೆಗೆ ಆನಿಸಿ, ತಲೆಯ ಮೇಲೆ ಮರದ ಪಟ್ಟಿಯಿಟ್ಟು ಗುರುತು ಹಾಕಿದರು. ಆಮೇಲೆ ಸ್ಟೂಲಿನ ಮೇಲೆ ಕೂರಿಸಿ ಮತ್ತೊಮ್ಮೆ ತಲೆಗೇ ಪಟ್ಟಿ ಇಟ್ಟರು. ಪ್ಯಾಂಟಿಗೆ ತಲೆಯಿಂದ ಅಳತೆ ಹಿಡಿಯುವ ದರ್ಜಿ ಬಲು ಪಳಗಿದವರೇ ಇರಬೇಕೆಂದು ಮನಸ್ಸಿನಲ್ಲೇ ಮೆಚ್ಚಿಕೊಂಡೆ.

"ಒಂದು ಗೇಣು ಗಿಡ್ಡ ಮಾಡಿದ್ರೆ ಸಾಕು ಯಜಮಾನ್ರೇ," ಎಂದೆ.

ಅವರು ಗೋಡೆಯ ಗುರುತನ್ನು ನೋಡಿದರು, ನನ್ನನ್ನು ನೋಡಿದರು. "ನೀನು ಬೆಳೆಯೋದು ಮುಗಿದು ಬಹಳ ಕಾಲ ಆಯ್ತು ಕಣಪ್ಪ. ಇನ್ನೇನಿದ್ರೂ ಪ್ಯಾಂಟೇ ನಿನ್ನ ದಾರಿಗೆ ಬರ್ಬೇಕು. ಸಂಜೆ ಬಿಚ್ಚಿಟ್ಟು ಹೋಗು, ನಮ್ಮ ಮನೆಯವಳ ಹತ್ರ ಮಿಷನ್ ಇದೆ."

ಹುಡುಗರ ನಗು ಗೇಟಿನವರೆಗೂ ನನ್ನ ಬೆನ್ನು ಹತ್ತಿ ಬಂತು. ಅವರು ದರ್ಜಿಯಲ್ಲ, ಕ್ಲಬ್ಬಿನ ಕಿರಿಯರ ತಂಡದ ಕೋಚ್ ಎಂದು ಗೇಟಿನವನು ಹೇಳಿದ. ಆಮೇಲೆ ಅದನ್ನೇ ಆಫೀಸಿನ ಎಲ್ಲರಿಗೂ ಹೇಳಿಕೊಂಡು ಬಂದ.

ಪ್ಯಾಂಟು ತರಲು ಮೇಷ್ಟ್ರ ಮನೆಗೆ ಹೋದಾಗ ಅವರ ಹೆಂಡತಿ ನೂಲು ಹಲ್ಲಿನಲ್ಲಿ ಕಡಿಯುತ್ತಾ ನಕ್ಕರು. "ನಮ್ಮ ಎರಡು ಹೆಣ್ಣುಮಕ್ಕಳು ಯಾವಾಗ ಬೆಳೆದ್ವು ಅಂತ ಈ ಮನುಷ್ಯನಿಗೆ ಗೊತ್ತಿಲ್ಲ ತಮ್ಮಾ. ಊರ ಮಕ್ಕಳ ಮೂಳೆ ಮಾತ್ರ ಬಾಯಿಪಾಠ."

ಮೂಳೆಯ ವಿಷಯ ನನಗೆ ಅರ್ಥವಾಗಲು ಸ್ವಲ್ಪ ಕಾಲ ಬೇಕಾಯಿತು. ನನಗೆ ಫುಟ್‌ಬಾಲ್ ಬಾರದು. ಸಂಬಳ ಒಂದು, ಕೆಲಸ ಮೂರು. ವಾರವಿಡೀ ಟಿಕೆಟ್ ಕೌಂಟರು, ಪಂದ್ಯದ ದಿನ ಮೈಕು, ಉಳಿದ ಹೊತ್ತಿನಲ್ಲಿ ಮೇಲಿನವರು ಹೇಳಿದ್ದು. ಮೈಕಿನಲ್ಲಿ ನಾನು ಎಷ್ಟು ಗಂಭೀರವಾಗಿ ಮಾತಾಡುತ್ತಿದ್ದೆನೆಂದರೆ, ಆಫ್‌ಸೈಡ್ ಎಂದರೇನೆಂದು ನನಗೆ ಗೊತ್ತಿಲ್ಲವೆಂಬ ಸಂಶಯ ಯಾರಿಗೂ ಬಂದಿರಲಿಲ್ಲ.

ಮೇಷ್ಟ್ರೇ ಒಂದು ದಿನ ಬಿಡಿಸಿ ಹೇಳಿದರು. ಹುಡುಗರು ಒಂದೇ ಸಮನೆ ಬೆಳೆಯುವುದಿಲ್ಲ. ಒಂದು ವಯಸ್ಸಿನಲ್ಲಿ ಕಾಲು ಇದ್ದಕ್ಕಿದ್ದ ಹಾಗೆ ಉದ್ದವಾಗುತ್ತದೆ. ಮೂಳೆ ಮುಂದೆ ಓಡುತ್ತದೆ, ಅದನ್ನು ಹಿಡಿದುಕೊಂಡ ಸ್ನಾಯು ಹಿಂದೆ ಉಳಿಯುತ್ತದೆ. ಆ ಹೊತ್ತಿನಲ್ಲಿ ಹುಡುಗನನ್ನು ಎಳೆದಾಡಿದರೆ ಮೂಳೆ ಇನ್ನೂ ಗಟ್ಟಿಯಾಗದ ಜಾಗದಲ್ಲಿ ಪೆಟ್ಟು ಬೀಳುತ್ತದೆ. ಅದಕ್ಕೇ ತಿಂಗಳಿಗೊಮ್ಮೆ ನಿಲ್ಲಿಸಿ ಒಂದು ಅಳತೆ, ಕೂರಿಸಿ ಒಂದು ಅಳತೆ. ಮೈಗಿಂತ ಕಾಲು ಜೋರಾಗಿ ಬೆಳೆಯುತ್ತಿದೆ ಎಂದು ಕಂಡರೆ ಗೋಡೆಯ ಮೇಲೆ ಆ ಹುಡುಗನ ಗುರುತಿಗೆ ಕೆಂಪು ಗೆರೆ. ಕೆಂಪು ಗೆರೆ ಬಿದ್ದವನು ಪಾಸು ಕೊಡುವುದನ್ನು ಕಲಿಯುತ್ತಾನೆ, ಚೆಂಡು ನಿಲ್ಲಿಸುವುದನ್ನು ಕಲಿಯುತ್ತಾನೆ, ಪಂದ್ಯದ ದಿನ ಬೆಂಚಿನಲ್ಲಿ ಕೂರುತ್ತಾನೆ. ಅದಕ್ಕೆ ಅಪೀಲು ಇರಲಿಲ್ಲ.

ಬೆಂಚಿನ ವಿಷಯ ಮೇಷ್ಟ್ರಿಗೆ ಚೆನ್ನಾಗಿ ಗೊತ್ತಿತ್ತು. ಅವರೂ ಇದೇ ಕ್ಲಬ್ಬಿಗೆ ಹುಡುಗನಾಗಿ ಬಂದವರು. ದೊಡ್ಡ ತಂಡದ ಅಂಗಿ ಸಿಕ್ಕಿತು, ಆಟ ಸಿಗಲಿಲ್ಲ. ಪ್ರತಿ ವರ್ಷ ಅವರ ಜಾಗಕ್ಕೆ ಹೊರಗಿನಿಂದ ಸಿದ್ಧ ಆಟಗಾರನೊಬ್ಬ ಬರುತ್ತಿದ್ದ. "ಆ ಬೆಂಚಿನ ಹಲಗೆ ನುಣುಪಾಗಿದ್ದು ಯಾರಿಂದ ಅಂದ್ಕೊಂಡೆ? ನನ್ನಿಂದ," ಅನ್ನುತ್ತಿದ್ದರು. ಆಮೇಲೆ ಕಿರಿಯರಿಗೆ ಕೋಚ್ ಆದರು. ಆದರೂ ಕಥೆ ಬದಲಾಗಲಿಲ್ಲ. ಅವರು ತಯಾರು ಮಾಡಿದ ಹುಡುಗರನ್ನು ಪಕ್ಕಕ್ಕಿಟ್ಟು ಕ್ಲಬ್ಬು ಹೊರಗಿನವರನ್ನು ಕೊಂಡು ತಂದು ಆಡಿಸುತ್ತಿತ್ತು. ಹುಡುಗರು ಬಸ್ ಓಡಿಸಲು ಹೋದರು, ಮೊಬೈಲ್ ಅಂಗಡಿ ಇಟ್ಟರು, ಒಬ್ಬ ಹಲ್ಲಿನ ಡಾಕ್ಟರೂ ಆದ. ಮೇಷ್ಟ್ರ ಕೈಯಿಂದ ಹೋದ ಒಬ್ಬನಾದರೂ ದೊಡ್ಡ ತಂಡದಲ್ಲಿ ಪಂದ್ಯದ ಮೊದಲಿನಿಂದ ಆಡಿದ್ದನ್ನು ನಾನು ಕೆಲಸಕ್ಕೆ ಸೇರುವವರೆಗೆ ಯಾರೂ ಕಂಡಿರಲಿಲ್ಲ.

ಒಮ್ಮೆ ಕಿರಿಯರ ಕಪ್ಪಿನ ಫೈನಲ್ಲಿನಲ್ಲಿ ಮೇಷ್ಟ್ರು ತಮ್ಮ ಇಬ್ಬರು ಒಳ್ಳೆಯ ಹುಡುಗರನ್ನು ಕೆಂಪು ಗೆರೆಯ ಕಾರಣಕ್ಕೆ ಕೂರಿಸಿ ಸೋತರು. ಅಧ್ಯಕ್ಷರು ಎಲ್ಲರೆದುರಿಗೇ, "ಮುಂದಿನ ಸಲ ಕಪ್ಪನ್ನೂ ಅಳೆದು ನೋಡಿ, ನಿಮಗೆ ಸರಿಹೊಂದುತ್ತಾ ಅಂತ," ಎಂದರು. ಮೇಷ್ಟ್ರು ಟೇಪು ಸುತ್ತಿ ಜೇಬಿಗೆ ಹಾಕಿಕೊಂಡರು, ಅಷ್ಟೇ. ಆ ಇಬ್ಬರಲ್ಲಿ ಒಬ್ಬ ಕೊಕ್ಕರೆ.

ಕೊಕ್ಕರೆ ಎಂದರೆ ಹುಡುಗರಿಟ್ಟ ಹೆಸರು. ಮೈಗಿಂತ ಕಾಲೇ ಹೆಚ್ಚು, ಕತ್ತು ಸ್ವಲ್ಪ ಮುಂದೆ. ನಿಂತಿದ್ದಾಗ ನೋಡಿದರೆ ನಗು ಬರಬೇಕು. ಚೆಂಡು ಬಂದಾಗ ಮಾತ್ರ ಮೈದಾನವೆಲ್ಲ ಅವನಿಗಾಗಿ ಜಾಗ ಬಿಟ್ಟುಕೊಟ್ಟಂತೆ ಕಾಣುತ್ತಿತ್ತು. ಅವನಮ್ಮ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಿದ್ದಳು. ಆಗಾಗ ಗೇಟಿನ ಹೊರಗೆ ನಿಂತು, "ಮೇಷ್ಟ್ರೇ, ಇವನ ಪ್ಯಾಂಟಿನ ಅಂಚು ಬಿಚ್ಚಿ ಬಿಚ್ಚಿ ನನಗೆ ಸಾಕಾಯ್ತು. ಅಳೆಯೋದಿರ್ಲಿ, ಬೆಳೆಯೋದು ನಿಲ್ಲಿಸೋಕೆ ಏನಾದ್ರೂ ಇದ್ರೆ ಹೇಳಿ," ಎಂದು ಕೂಗುತ್ತಿದ್ದಳು.

ಆ ವರ್ಷ ದೊಡ್ಡ ತಂಡ ಲೀಗಿನಲ್ಲಿ ಕೆಳಗಿನ ದರ್ಜೆಗೆ ಜಾರುವ ಅಂಚಿನಲ್ಲಿತ್ತು. ಮೂರು ಪಂದ್ಯ ಉಳಿದಿದ್ದವು. ದೊಡ್ಡ ಕೋಚ್ ಬೇರೆ ಊರಿನಿಂದ ಬಂದವರು. ಬಾಡಿಗೆ ಮನೆಯಲ್ಲಿ ಅವರು ಇನ್ನೂ ಸೂಟ್‌ಕೇಸು ಬಿಚ್ಚಿಲ್ಲ ಎಂಬುದು ಆಫೀಸಿನ ಜೋಕು. ಒಂದು ಸಂಜೆ ನಾನು ಉಗ್ರಾಣದಲ್ಲಿ ಪೋಸ್ಟರುಗಳನ್ನು ಸುತ್ತುತ್ತಿದ್ದಾಗ ಅವರು ಮೇಷ್ಟ್ರನ್ನು ಹುಡುಕಿಕೊಂಡು ಗೋಡೆಯ ಹತ್ತಿರ ಬಂದರು. ಕಿಟಕಿ ತೆರೆದಿತ್ತು.

"ಆ ಉದ್ದ ಕಾಲಿನ ಹುಡುಗನನ್ನ ಕೊಡಿ ಮೇಷ್ಟ್ರೇ."

"ಅವನು ಬೆಳೀತಿದಾನೆ."

"ಎಲ್ರೂ ಬೆಳೀತಾರೆ. ನಾನು ಕೇಳ್ತಿರೋದು ಮೂರೇ ಪಂದ್ಯಕ್ಕೆ. ನಡುವಿನಲ್ಲಿ ಚೆಂಡು ಹಿಡಿದು ನಿಲ್ಲೋರು ನನ್ನ ಹತ್ರ ಯಾರೂ ಇಲ್ಲ. ಒಬ್ಬನಿಗೆ ಪೆಟ್ಟಾಗಿದೆ, ಇನ್ನೊಬ್ಬ ರೆಫ್ರಿಗೆ ಬೈದು ಮನೇಲಿ ಕೂತಿದಾನೆ."

"ಮುಂದಿನ ವರ್ಷ ಕೇಳಿ, ನಾನೇ ಕರ್ಕೊಂಡು ಬಂದು ಬಿಡ್ತೀನಿ."

"ಮುಂದಿನ ವರ್ಷ ನಾನಿರಲ್ಲ. ನಿಮ್ಮದು ಐದು ವರ್ಷದ ಕೆಲಸ, ನನ್ನದು ಭಾನುವಾರದ ಕೆಲಸ. ಕೆಳಗೆ ಬಿದ್ರೆ ನನ್ನನ್ನ ತೆಗೀತಾರೆ, ಅದು ನನಗೆ ಅಭ್ಯಾಸ. ಆದ್ರೆ ಖರ್ಚು ಉಳಿಸೋಕೆ ಮೊದಲು ಮುಚ್ಚೋದು ನಿಮ್ಮ ಕಿರಿಯರ ವಿಭಾಗಾನೇ. ಅಧ್ಯಕ್ಷರು ನನ್ನೆದುರಿಗೇ ಹೇಳಿದಾರೆ."

ಮೇಷ್ಟ್ರು ಗೋಡೆಯ ಗುರುತುಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಕೇಳಿದರು: "ಮೊದಲಿಂದಾನೇ ಆಡಿಸ್ತೀರೋ, ಕೊನೇಲಿ ಇಳಿಸ್ತೀರೋ?"

"ಮೊದಲಿಂದಾನೇ."

"ಸೋಮವಾರ ಅಳತೆ ಇದೆ. ನೋಡ್ತೀನಿ."

ಸೋಮವಾರ ನಾನು ಬೇಕೆಂದೇ ಆ ಕಡೆ ಹೋದೆ. ಹುಡುಗರು ಒಬ್ಬೊಬ್ಬರಾಗಿ ಗೋಡೆಗೆ ನಿಂತರು, ಸ್ಟೂಲಿನಲ್ಲಿ ಕೂತರು, ಹೋದರು. ಕೊಕ್ಕರೆ ಶೂ ಕಳಚಿ ಬೆನ್ನು ಆನಿಸಿ ನಿಂತ. ಅವನ ಪ್ಯಾಂಟಿನ ಅಂಚು ಕಾಲಿನ ಹರಡಿನಿಂದ ಸಾಕಷ್ಟು ಮೇಲಿತ್ತು. ಪ್ಯಾಂಟಿನ ಉದ್ದದ ವಿಷಯದಲ್ಲಿ ನಾನು ಅನುಭವಸ್ಥ, ಅದು ನನಗೇ ಕಂಡಿತೆಂದ ಮೇಲೆ ಮೇಷ್ಟ್ರಿಗೆ ಕಾಣದಿರಲು ಸಾಧ್ಯವಿಲ್ಲ.

"ನೀನು ಹೋಗು. ದೊಡ್ಡವರ ಪ್ರಾಕ್ಟೀಸಿಗೆ ಹೊತ್ತಾಯ್ತು," ಅಂದರು.

"ಅಳತೆ ಮೇಷ್ಟ್ರೇ? ಒಂದು ನಿಮಿಷ ಅಷ್ಟೇ."

"ಈ ತಿಂಗಳು ಬೇಡ. ಹೋಗು ಅಂದ್ನಲ್ಲ."

ಅವನು ಶೂ ಕೈಯಲ್ಲಿ ಹಿಡಿದುಕೊಂಡೇ ಓಡಿದ. ಮರದ ಪಟ್ಟಿ ಮೇಷ್ಟ್ರ ಕೈಯಲ್ಲೇ ಇತ್ತು. ಅದನ್ನು ಸುಮ್ಮನೆ ಅಂಗಿಯ ತುದಿಯಿಂದ ಒರೆಸಿದರು. ನನ್ನನ್ನು ಕಂಡು, "ನಿನಗೆ ಕೆಲಸ ಇಲ್ವಾ?" ಅಂದರು. ಇತ್ತು. ಹೋದೆ.

ಮೊದಲ ಎರಡು ಪಂದ್ಯಗಳಲ್ಲಿ ಕೊಕ್ಕರೆ ಆಡಿದ್ದನ್ನು ಹೇಗೆ ಬರೆಯಬೇಕೋ ನನಗೆ ತಿಳಿಯದು. ಆಟ ಬಾರದ ನಾನೂ ಮೈಕಿನಲ್ಲಿ ಒಂದೆರಡು ಸಲ ಮಾತು ಮರೆತೆ ಎಂದಷ್ಟೇ ಹೇಳಬಲ್ಲೆ. ಒಂದು ಗೆದ್ದೆವು, ಒಂದು ಸಮ. ಎಂದೂ ದೊಡ್ಡ ತಂಡದ ಪಂದ್ಯ ನೋಡಲು ಬಾರದ ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ನನ್ನ ಮೈಕಿನ ಗೂಡಿನ ಪಕ್ಕದಲ್ಲೇ ಕೂತರು. ಹುಡುಗ ಚೆಂಡು ತಿರುಗಿಸಿದಾಗೆಲ್ಲ ಕುರ್ಚಿಯ ಕೆಳಗೆ ಅವರ ಪಾದವೂ ತಿರುಗುತ್ತಿತ್ತು. ಎರಡನೇ ಪಂದ್ಯ ಮುಗಿದ ಮೇಲೆ ಹುಡುಗ ಮಂಡಿಯ ಕೆಳಗೆ ಉಜ್ಜಿಕೊಳ್ಳುತ್ತಾ ಒಳಗೆ ಹೋದ. ಮೇಷ್ಟ್ರು ಅದನ್ನು ನೋಡಿದರು. "ಇನ್ನೊಂದೇ," ಅಂದರು. ನನಗೆ ಹೇಳಿದ್ದಲ್ಲ.

ಮೂರನೆಯದರಲ್ಲಿ ಯಾರೂ ಅವನನ್ನು ಮುಟ್ಟಲಿಲ್ಲ. ದೂರದಿಂದ ಬಂದ ಚೆಂಡನ್ನು ತಲೆಗೆ ತೆಗೆದುಕೊಳ್ಳಲು ನೆಲಕ್ಕೆ ಕಾಲೊತ್ತಿ ಹಾರಿದ, ಗಾಳಿಯಲ್ಲೇ ಮುದುಡಿದ ಹಾಗೆ ಬಿದ್ದ. ಸ್ಟ್ರೆಚರು ಬಂತು. ಅವನ ಬದಲಿಗೆ ಬರುವವನ ಹೆಸರನ್ನು ನಾನು ಮೈಕಿನಲ್ಲಿ ಓದಿದೆ, ಎಂದಿನ ಗಂಭೀರ ದನಿಯಲ್ಲೇ. ಪಕ್ಕಕ್ಕೆ ತಿರುಗಿದಾಗ ಮೇಷ್ಟ್ರ ಕುರ್ಚಿ ಖಾಲಿಯಾಗಿತ್ತು. ಪಂದ್ಯ ಸಮವಾಯಿತು, ಉಳಿಯಲು ನಮಗೆ ಅಷ್ಟು ಸಾಕಿತ್ತು. ಜನ ಬೇಲಿ ಹಾರಿ ಮೈದಾನಕ್ಕಿಳಿದು ದೊಡ್ಡ ಕೋಚನ್ನು ಹೆಗಲ ಮೇಲೆ ಹೊತ್ತರು.

ಮಂಡಿಚಿಪ್ಪಿನ ಕೆಳಗೆ, ಸ್ನಾಯು ಬಂದು ಸೇರುವ ಕಡೆ, ಬಲಿಯದ ಮೂಳೆ ಕಿತ್ತು ಬಂದಿತ್ತು. ಸ್ಕ್ರೂ ಹಾಕಿ ಕೂರಿಸಿದರು. ಎಷ್ಟೋ ಹುಡುಗರಿಗೆ ಇದು ಪೂರ್ತಿ ವಾಸಿಯಾಗುತ್ತದೆ ಎಂದು ಡಾಕ್ಟರು ಹೇಳಿದ್ದು ಸುಳ್ಳೇನಲ್ಲ, ಇವನಿಗೆ ಮುಕ್ಕಾಲು ವಾಸಿಯಾಯಿತು. ವರ್ಷದ ಮೇಲೆ ಮೈದಾನಕ್ಕೆ ಬಂದ. ಚೆಂಡು ಎಲ್ಲಿ ಬೀಳುತ್ತದೆಂದು ಈಗಲೂ ಎಲ್ಲರಿಗಿಂತ ಮೊದಲು ಅವನಿಗೆ ಕಾಣುತ್ತಿತ್ತು, ಕಾಲು ಮಾತ್ರ ಎಲ್ಲರಿಗಿಂತ ಕೊನೆಗೆ ಅಲ್ಲಿಗೆ ಮುಟ್ಟುತ್ತಿತ್ತು. ಕ್ಲಬ್ಬು ಅವನನ್ನು ಮರ್ಯಾದೆಯಿಂದಲೇ ಆಟದಿಂದ ಬಿಡಿಸಿತು. ಟಿಕೆಟ್ ಕೌಂಟರಿನಲ್ಲಿ ನನ್ನ ಪಕ್ಕದ ಸ್ಟೂಲು ಕೊಟ್ಟಿತು.

ಕಿರಿಯರ ವಿಭಾಗ ಉಳಿಯಿತು. ದೊಡ್ಡ ಕೋಚ್ ಹೆಚ್ಚಿನ ಸಂಬಳಕ್ಕೆ ಬೇರೆ ಕಡೆ ಹೋದರು. ಹೋಗುವಾಗ ಹುಡುಗನ ಮನೆಗೆ ಹೋಗಿ ಬಂದರಂತೆ, ಅದನ್ನೂ ಹೇಳಬೇಕು. ಮೇಷ್ಟ್ರು ಎಂದಿನಂತೆ ಅಳೆಯುತ್ತಾರೆ. ಆದರೆ ಸಾಲಿನಲ್ಲಿ ನಿಂತವರನ್ನು ಈಗ ಕಿಚಾಯಿಸುವುದಿಲ್ಲ. ಆಮೇಲೆ ಬಂದ ಕೋಚುಗಳು ಹುಡುಗರನ್ನು ಕೇಳಿದಾಗ ಕಾಲ ಕೂಡಿ ಬರುವವರೆಗೆ ಕೊಡಲಿಲ್ಲ. ಇಬ್ಬರು ಹಾಗೆ ಕಾದು ಮೇಲೆ ಹೋಗಿ ಈಗ ಚೆನ್ನಾಗಿ ಆಡುತ್ತಿದ್ದಾರೆ. ಪತ್ರಿಕೆಯವರು ಮೇಷ್ಟ್ರ ಫೋಟೋ ಕೇಳಿಕೊಂಡು ಬಂದರೆ ಅವರು ಉಗ್ರಾಣದ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಒಮ್ಮೆ ಸಮಾಧಾನ ಹೇಳಲು ಹೋಗಿ, "ಆವತ್ತು ನೀವು ಕಳಿಸದಿದ್ರೆ ಈ ಮಕ್ಕಳಿಗೆ ಮೈದಾನವೇ ಇರ್ತಿರಲಿಲ್ಲ ಮೇಷ್ಟ್ರೇ," ಎಂದೆ. ಅವರು, "ಚಹಾ ಆರ್ತಿದೆ, ಕುಡಿ," ಅಂದರು.

ಕೊಕ್ಕರೆ ಇರುವ ಹೊತ್ತಿನಲ್ಲಿ ಅವರು ಕೌಂಟರಿನ ಕಡೆ ಸುಳಿಯುತ್ತಿರಲಿಲ್ಲ. ಕಳೆದ ವಾರ ಕಿರಿಯರ ಪಂದ್ಯಕ್ಕೆ ತಂದೆತಾಯಿಗಳ ಪಾಸು ಬೇಕೆಂದು ಬಂದರು, ಅವನು ಊಟಕ್ಕೆ ಹೋಗಿರುತ್ತಾನೆಂದು ಲೆಕ್ಕ ಹಾಕಿಕೊಂಡು. ಅವನು ಹೋಗಿರಲಿಲ್ಲ. ಸರಳುಗಳ ಆಚೆ ಮೇಷ್ಟ್ರು ಅರ್ಧ ತಿರುಗಿದರು.

"ಬನ್ನಿ ಮೇಷ್ಟ್ರೇ, ಓಡ್ಬೇಡಿ. ನನ್ನ ಕೈಲಿ ಹಿಡಿಯೋಕೆ ಆಗಲ್ಲ," ಎಂದ ಕೊಕ್ಕರೆ. ಪಾಸುಗಳನ್ನು ಎಣಿಸಿ ಕಿಂಡಿಯಿಂದ ದಾಟಿಸಿದ. ಕೈ ಮಾತ್ರ ಅವುಗಳ ಮೇಲಿಂದ ತೆಗೆಯಲಿಲ್ಲ. ನಗು ಇನ್ನೂ ಮುಖದಲ್ಲೇ ಇತ್ತು.

"ಒಂದು ಕೇಳ್ತೀನಿ. ಆ ತಿಂಗಳು ನನ್ನೊಬ್ಬನನ್ನ ಯಾಕೆ ಅಳೀಲಿಲ್ಲ?"

ನಾನು ಚಿಲ್ಲರೆ ಡಬ್ಬಿಯೊಳಗೆ ತಲೆ ಹಾಕಿದೆ. ಕ್ಲಬ್ಬು ಉಳಿಯಬೇಕಿತ್ತು, ಮಕ್ಕಳ ಮೈದಾನ ಉಳಿಯಬೇಕಿತ್ತು ಎಂದು ನಾವೆಲ್ಲ ಹೇಳುವ ಮಾತನ್ನೇ ಅವರೂ ಹೇಳಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಹಾಗೆ ಹೇಳಿದ್ದರೆ ಕೊಕ್ಕರೆಯೂ ಒಪ್ಪಿಕೊಳ್ಳುತ್ತಿದ್ದನೇನೋ.

ಮೇಷ್ಟ್ರು ಅವನ ಮುಖವನ್ನೇ ನೋಡಿದರು.

"ಅಳೆದಿದ್ರೆ ನಿನ್ನನ್ನ ಕೂರಿಸ್ಬೇಕಾಗ್ತಿತ್ತು," ಅಂದರು. "ನನಗೆ ನೀನು ಆಡೋದನ್ನ ನೋಡ್ಬೇಕಿತ್ತು."